ಕಾವಿಗಿಟ್ಟ ಮೊಟ್ಟೆಯ ಲೆಕ್ಕ

(ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಕೋಳಿ ಸಾಕಣೆದಾರರ ಮುಂದೆ ಆಡಿದ ಮಾತುಗಳ ಬರಹರೂಪ)



ನಮ್ಮ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಕಡೆ ಯುಗಾದಿಯ ಮಾರನೆಯ ದಿನವೆಂದರೆ ಹೊಸತೊಡಕು. ಹಬ್ಬದ ದಿನ ಒಬ್ಬಟ್ಟು, ಮಾರನೆಯ ದಿನ ಬಾಡು. ಅಂದು ನಸುಕಿನಲ್ಲೇ ಮಾಂಸದಂಗಡಿಗಳ ಮುಂದೆ ಸಾಲು ನಿಲ್ಲುವುದನ್ನು ತಾವೆಲ್ಲ ಕಂಡಿದ್ದೀರಿ. ಆ ಸಾಲಿನಲ್ಲಿ ನಿಂತವರೂ ಇಲ್ಲಿ ಇದ್ದೀರಿ. ಅಂಗಡಿಯ ಪಂಜರದಲ್ಲಿರುವ ಆ ಬ್ರಾಯ್ಲರ್ ಕೋಳಿ (ನಮ್ಮ ಜನರ ಬಾಯಲ್ಲಿ ಅದು ‘ಬಾಯ್ಲರ್’ ಆಗಿ ಎಷ್ಟೋ ಕಾಲವಾಯಿತು, ಇರಲಿ) ಅಲ್ಲಿಗೆ ಬಂದು ಸೇರಲು ಎಷ್ಟು ದಿನ ಹಿಡಿಯಿತು? ಶೆಡ್ಡಿನಲ್ಲಿ ಸುಮಾರು 42 ದಿನ. ಅದಕ್ಕೂ ಮುಂಚೆ ಹ್ಯಾಚರಿಯ ಯಂತ್ರದಲ್ಲಿ 21 ದಿನ. ಒಟ್ಟು 9 ವಾರ. ಎಂದರೆ, ಸಂಕ್ರಾಂತಿಯ ಎಳ್ಳುಬೆಲ್ಲ ಡಬ್ಬಿಯಲ್ಲಿ ಇನ್ನೂ ಉಳಿದಿರುವಾಗಲೇ ಹೊಸತೊಡಕಿನ ಕೋಳಿ ಮೊಟ್ಟೆಯ ರೂಪದಲ್ಲಿ ಕಾವಿಗೆ ಕೂತಿರಬೇಕು. ಈ 9 ವಾರದ ಲೆಕ್ಕವನ್ನು ಯಾರು ಇಡುತ್ತಾರೆ, ಯಾರಿಗೆ ಅದು ಕಾಣುತ್ತದೆ ಎಂಬುದನ್ನಷ್ಟೇ ಇವತ್ತು ಹೇಳಬೇಕೆಂದಿದ್ದೇನೆ.

ನಮ್ಮ ಅಜ್ಜಿಯರ ಕಾಲದಲ್ಲಿ ಈ ಲೆಕ್ಕ ಮನೆಯೊಳಗೇ ಇತ್ತು. ನಾಟಿ ಕೋಳಿ ಹತ್ತು ಹದಿನೈದು ಮೊಟ್ಟೆ ಇಟ್ಟು ಕಾವಿಗೆ ಬಂದರೆ ಮಂಕರಿಯಲ್ಲಿ ಹುಲ್ಲು ಹಾಸಿ ಕೂರಿಸುತ್ತಿದ್ದರು. ಮೊಟ್ಟೆಯನ್ನು ದೀಪಕ್ಕೆ ಹಿಡಿದು ನೋಡಿ, ಬರಡಾದದ್ದನ್ನು ತೆಗೆಯುತ್ತಿದ್ದರು. ಅಮಾವಾಸ್ಯೆಗೆ ಕೂರಿಸಿದರೆ ಪಿಳ್ಳೆ ಎಂದು ಏಳುತ್ತದೆ ಎಂಬುದಕ್ಕೆ ಪಂಚಾಂಗ ಬೇಕಿರಲಿಲ್ಲ. ಹ್ಯಾಚರಿ ಮಾಡುವುದೂ ಇದೇ ಕೆಲಸವನ್ನೇ. ವ್ಯತ್ಯಾಸವೆಂದರೆ, ಬ್ರಾಯ್ಲರ್ ಮರಿಯ ತಾಯಿ ಕಾವಿಗೆ ಕೂರುವುದಿಲ್ಲ. ಆ ಗುಣವನ್ನು ತಳಿಗಾರರು ಬಹುಮಟ್ಟಿಗೆ ಕಳೆದುಬಿಟ್ಟಿದ್ದಾರೆ. ಕಾವಿಗೆ ಕೂತ ಕೋಳಿ ಮೊಟ್ಟೆ ಇಡುವುದನ್ನು ನಿಲ್ಲಿಸುತ್ತದಲ್ಲ, ಅದು ವ್ಯಾಪಾರಕ್ಕೆ ಒಗ್ಗದು.

ಆದ್ದರಿಂದ ಮೊಟ್ಟೆ ‘ಸೆಟ್ಟರ್’ ಎಂಬ ಬೀರುವಿನಂಥ ಯಂತ್ರಕ್ಕೆ ಹೋಗುತ್ತದೆ. ಅಲ್ಲಿ 18 ದಿನ, ಹೆಚ್ಚುಕಡಿಮೆ 37.5 ಡಿಗ್ರಿ ಸೆಲ್ಸಿಯಸ್ ಶಾಖ, ಹದವಾದ ತೇವ. ತಾಯಿ ಕೋಳಿ ಕೊಕ್ಕಿನಿಂದ ಮೊಟ್ಟೆ ಹೊರಳಿಸುವಂತೆ ಯಂತ್ರವೂ ಗಂಟೆಗೊಮ್ಮೆ ಟ್ರೇಗಳನ್ನು ವಾಲಿಸುತ್ತದೆ. ಕೊನೆಯ 3 ದಿನ ‘ಹ್ಯಾಚರ್’ ಎಂಬ ಬೇರೆ ಯಂತ್ರದಲ್ಲಿ. ಅಲ್ಲಿ ಹೊರಳಿಸುವುದಿಲ್ಲ, ಮರಿ ಚಿಪ್ಪು ಒಡೆದು ಬರುತ್ತದೆ. ಹುಟ್ಟುವ ಮುನ್ನ ಹೊಟ್ಟೆಯೊಳಗೆ ಎಳೆದುಕೊಂಡ ಭಂಡಾರದ ಬಲದಿಂದ ಅದು ಎರಡು ದಿನ ನೀರು ಮೇವಿಲ್ಲದೆ ಬದುಕಬಲ್ಲದು. ಮರಿಗಳನ್ನು ಪೆಟ್ಟಿಗೆಗೆ ನೂರರಂತೆ ತುಂಬಿ ರಾತ್ರಿ ಲಾರಿಯಲ್ಲಿ ದೂರದೂರಿಗೆ ಕಳಿಸುವ ಈ ಇಡೀ ವ್ಯಾಪಾರ ನಿಂತಿರುವುದು ಪ್ರಕೃತಿಯ ಆ ಒಂದು ಬುತ್ತಿಯ ಮೇಲೆ.

ಈಗ ಲೆಕ್ಕಕ್ಕೆ ಬನ್ನಿ. ಇವತ್ತು 1 ಲಕ್ಷ ಮೊಟ್ಟೆ ಸೆಟ್ಟರಿಗೆ ಹೋಯಿತೆನ್ನಿ. ನೂರಕ್ಕೆ 80ರಷ್ಟು ಮರಿಯಾದರೆ 80 ಸಾವಿರ. ಶೆಡ್ಡಿನಲ್ಲಿ ನೂರಕ್ಕೆ 5 ಸತ್ತರೆ ಉಳಿದದ್ದು 76 ಸಾವಿರ. ತಲಾ 2 ಕಿಲೋ ತೂಗಿದರೆ ಮಾರುಕಟ್ಟೆಗೆ ಬರುವ ಜೀವಂತ ತೂಕ 152 ಟನ್. ಇದು ಜ್ಯೋತಿಷ್ಯವಲ್ಲ, ಪ್ರಾಥಮಿಕ ಶಾಲೆಯ ಗುಣಾಕಾರ. ಇನ್ನೂ ಹಿಂದಕ್ಕೆ ಹೋಗಬಹುದು. ಮೊಟ್ಟೆ ಇಡುವ ತಾಯಿ ಕೋಳಿಯನ್ನು ಮರಿಯಾಗಿ ತಂದ ಮೇಲೆ ಅದು ಮೊಟ್ಟೆಗೆ ಬರಲು ಸುಮಾರು 25 ವಾರ. ಅಲ್ಲಿಂದ 9 ವಾರ. ಹಾಗಾಗಿ ಇವತ್ತು ತಾಯಿ ಮರಿಗಳನ್ನು ಎಷ್ಟು ತಂದರು ಎಂಬುದು ಗೊತ್ತಿದ್ದವನಿಗೆ ಎಂಟು ತಿಂಗಳಾಚೆಯ ಸಂತೆಯ ಒಂದು ಅಂದಾಜು ಸಿಕ್ಕಿರುತ್ತದೆ.

ಈ ಲೆಕ್ಕ ಹುಸಿಯಲ್ಲ ಎಂಬುದಕ್ಕೆ 2020ನೇ ಇಸವಿಯೇ ಸಾಕ್ಷಿ. ಆ ವರ್ಷ ಯುಗಾದಿ ಮಾರ್ಚ್ 25ಕ್ಕೆ ಬಂದಿತ್ತು. ಹೊಸತೊಡಕಿನಿಂದ 9 ವಾರ ಹಿಂದಕ್ಕೆ ಎಣಿಸಿದರೆ ಜನವರಿ 23. ನಮ್ಮ ದೇಶದ ಮೊದಲ ಕೊರೊನಾ ಪ್ರಕರಣ ಕೇರಳದಲ್ಲಿ ಪತ್ತೆಯಾದದ್ದು ಜನವರಿ 30ರಂದು. ಮೊಟ್ಟೆ ಕಾವಿಗೆ ಹೋದಾಗ ಯಾರಿಗೂ ಏನೂ ಗೊತ್ತಿರಲಿಲ್ಲ. ಫೆಬ್ರುವರಿ, ಮಾರ್ಚ್‌ನಲ್ಲಿ ಕೋಳಿ ತಿಂದರೆ ರೋಗ ಬರುತ್ತದೆಂಬ ಸುಳ್ಳು ಸುದ್ದಿ ಹಬ್ಬಿ ಬೆಲೆ ನೆಲ ಕಚ್ಚಿತು. ಮೇವಿನ ಖರ್ಚೂ ಹುಟ್ಟದೆ ಗೋಕಾಕ, ಬಂಗಾರಪೇಟೆ ತಾಲ್ಲೂಕುಗಳಲ್ಲಿ ಸಾಕಣೆದಾರರು ಸಾವಿರಾರು ಕೋಳಿಗಳನ್ನು ಜೀವಂತ ಹೂಳಿದರು. ಯುಗಾದಿಯ ದಿನವೇ ದೇಶದಲ್ಲೆಲ್ಲ ಲಾಕ್‌ಡೌನ್. ಹ್ಯಾಚರಿಗಳು ಮೊಟ್ಟೆ ಕೂರಿಸುವುದನ್ನು ಕಡಿತಗೊಳಿಸಿದವು. ಮುಂದೇನಾಯಿತು? ಮೇ ತಿಂಗಳಲ್ಲಿ ಅಂಗಡಿ ತೆರೆದು ಜನ ಕೇಳಲು ಬಂದಾಗ ಕೋಳಿಯೇ ಇಲ್ಲ, ಬೆಲೆ ಗಗನಕ್ಕೇರಿತು. ಮಾರ್ಚ್ ಮಧ್ಯದಿಂದ ಮೇ ಮಧ್ಯಕ್ಕೆ ಎಷ್ಟು ವಾರ, ತಾವೇ ಎಣಿಸಿಕೊಳ್ಳಿ. ಆ ಏರಿದ ಬೆಲೆ ಸಿಕ್ಕಿದ್ದು ಆಗ ಶೆಡ್ಡಿನಲ್ಲಿ ಕೋಳಿ ಇದ್ದವರಿಗೆ. ಕೈ ಸುಟ್ಟುಕೊಂಡು ಶೆಡ್ಡು ಖಾಲಿ ಬಿಟ್ಟ ಸಣ್ಣ ಸಾಕಣೆದಾರ ಆ ಗುಂಪಿನಲ್ಲಿ ಇರಲಿಲ್ಲ.

ಹಿಂದೆ ಸಾಕುವವನೇ ಮರಿ ಕೊಂಡು, ಮೇವು ಕೊಂಡು, ಕೋಳಿ ಮಾರುತ್ತಿದ್ದ. ಬಿ.ವಿ. ರಾವ್ ಅವರು 1971ರಲ್ಲಿ ಆರಂಭಿಸಿದ ವೆಂಕಟೇಶ್ವರ ಹ್ಯಾಚರೀಸ್‌ನಂಥ ಸಂಸ್ಥೆಗಳು ತಳಿ, ಲಸಿಕೆ, ತರಬೇತಿಗಳನ್ನು ಹಳ್ಳಿಯವರೆಗೆ ತಂದವು. ನಮ್ಮ ಪಕ್ಕದಲ್ಲೇ ಹೆಸರಘಟ್ಟದ ಕೇಂದ್ರ ಸರ್ಕಾರಿ ಕೋಳಿ ಸಂಸ್ಥೆಯೂ, ಗಿರಿರಾಜ ತಳಿಯನ್ನು ರೂಪಿಸಿದ ಹೆಬ್ಬಾಳದ ಪಶುವೈದ್ಯ ಕಾಲೇಜೂ ಇವೆ. ತೊಂಬತ್ತರ ದಶಕದಲ್ಲಿ ಕೊಯಮತ್ತೂರಿನ ಕಡೆಯಿಂದ ಬೆಳೆದು ಬಂದದ್ದು ಕರಾರು ಸಾಕಣೆ. ಕಂಪನಿ ಮರಿ, ಮೇವು, ಔಷಧ ಕೊಡುತ್ತದೆ. ರೈತನದು ಶೆಡ್ಡು, ನೀರು, ಕರೆಂಟು, ಮೈಬೆವರು. ಕಿಲೋಗೆ ಇಷ್ಟೆಂದು ಸಾಕಿದ ಕೂಲಿ. ಬೆಲೆ ಬಿದ್ದರೆ ನಷ್ಟ ಕಂಪನಿಗೆ ಎಂಬುದು ಇದರ ಸಮಾಧಾನ, ಅದು ಸುಳ್ಳೂ ಅಲ್ಲ. ಆದರೆ ಬೆಲೆ ಬೀಳುವ ಸೂಚನೆ ಕಂಡಾಗ ಕಂಪನಿ ಮರಿ ಬಿಡುವುದನ್ನು ತಡಮಾಡುತ್ತದೆ. ವರ್ಷಕ್ಕೆ ಆರು ಬ್ಯಾಚ್ ಎಂದು ನಂಬಿ ಬ್ಯಾಂಕಿನಲ್ಲಿ ಸಾಲ ಎತ್ತಿ ಶೆಡ್ಡು ಕಟ್ಟಿದವನಿಗೆ ನಾಲ್ಕೇ ಬ್ಯಾಚ್ ಸಿಕ್ಕಿದರೆ? ಖಾಲಿ ಶೆಡ್ಡಿಗೂ ಬಡ್ಡಿ ನಿಲ್ಲುವುದಿಲ್ಲ. ಹ್ಯಾಚರಿಯ ರಿಜಿಸ್ಟರು ಕಂಪನಿಯ ಕಂಪ್ಯೂಟರಿನಲ್ಲಿದೆ. ರೈತನ ಕೈಗೆ ಬರುವುದು ಬೆಳಗಿನ ಬೆಲೆ ಮಾತ್ರ.

ಅಮೆರಿಕದಲ್ಲಿ ಕೃಷಿ ಇಲಾಖೆಯೇ ವಾರಕ್ಕೊಮ್ಮೆ ಈ ಲೆಕ್ಕ ಪ್ರಕಟಿಸುತ್ತದೆ: ಎಷ್ಟು ಮೊಟ್ಟೆ ಸೆಟ್ಟರಿಗೆ ಹೋಯಿತು, ಎಷ್ಟು ಮರಿ ಶೆಡ್ಡು ಸೇರಿತು. ವಾರಕ್ಕೆ 24 ಕೋಟಿಯ ಆಸುಪಾಸಿನ ಮೊಟ್ಟೆ! ಅಲ್ಲೆಲ್ಲ ಸರಿಯಿದೆ ಎಂದಲ್ಲ. ಕಂಪನಿಗಳ ಒಳಗುಟ್ಟಿನ ಅಂಕಿಗಳನ್ನು ಕಂಪನಿಗಳ ನಡುವೆಯೇ ಹಂಚಿ ಪೈಪೋಟಿ ಕೆಡಿಸಿತೆಂದು ‘ಅಗ್ರಿ ಸ್ಟಾಟ್ಸ್’ ಎಂಬ ಸಂಸ್ಥೆಯ ಮೇಲೆ ಅಲ್ಲಿನ ಸರ್ಕಾರವೇ 2023ರಲ್ಲಿ ಮೊಕದ್ದಮೆ ಹೂಡಿತು. ಒಂದೇ ಲೆಕ್ಕ, ಎಲ್ಲರಿಗೂ ಕಂಡರೆ ಒಂದು ಫಲ, ಕೆಲವರಿಗಷ್ಟೇ ಕಂಡರೆ ಮತ್ತೊಂದು.

ನಮ್ಮಲ್ಲಿ ಜಾನುವಾರು ಗಣತಿ ಇದೆ. 2019ರ ಗಣತಿಯಲ್ಲಿ ಕರ್ನಾಟಕದ ಕೋಳಿ ಮುಂತಾದ ಹಕ್ಕಿಗಳ ಸಂಖ್ಯೆ 6 ಕೋಟಿಯ ಹತ್ತಿರ. ಆದರೆ ವರ್ಷಕ್ಕೆ ಐದಾರು ಸಲ ತುಂಬಿ ಬರಿದಾಗುವ ಶೆಡ್ಡನ್ನು ಐದು ವರ್ಷಕ್ಕೊಮ್ಮೆ ಎಣಿಸಿದರೆ ತಿಳಿಯುವುದೇನು? ಬಸ್ ನಿಲ್ದಾಣದ ಒಂದು ಫೋಟೋ ನೋಡಿ ವರ್ಷದ ಪ್ರಯಾಣಿಕರನ್ನು ಹೇಳಿದಂತೆ.

ಲೆಕ್ಕ ಬೇಕಾಗುವುದು ಬೆಲೆಗಷ್ಟೇ ಅಲ್ಲ. 2012ರ ಅಕ್ಟೋಬರಿನಲ್ಲಿ ಹೆಸರಘಟ್ಟದ ಅದೇ ಸಂಸ್ಥೆಯಲ್ಲಿ ಟರ್ಕಿ ಕೋಳಿಗಳು ಸಾಯತೊಡಗಿ, ಹಕ್ಕಿಜ್ವರವೆಂದು ಖಚಿತವಾಗಿ, ಮೂವತ್ತು ಸಾವಿರಕ್ಕೂ ಹೆಚ್ಚು ಹಕ್ಕಿಗಳನ್ನು ಕೊಲ್ಲಬೇಕಾಯಿತು. 2025ರ ಆರಂಭದಲ್ಲಿ ನಮ್ಮ ಗಡಿಯಾಚೆಯ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿ ರೋಗ ಕಂಡಿತು. ಇಂಥ ಹೊತ್ತಿನಲ್ಲಿ ಮೊದಲು ಏಳುವ ಪ್ರಶ್ನೆ: ಇಲ್ಲಿಂದ ಹೊರಟ ಮರಿಗಳು ಯಾವ ಯಾವ ಊರು ಸೇರಿವೆ? ಪೆಟ್ಟಿಗೆಗಳ ಜಾಡು ಒಂದೇ ಪುಸ್ತಕದಲ್ಲಿದ್ದರೆ ಉತ್ತರ ಒಂದು ಗಂಟೆಯ ಮಾತು. ಇಲ್ಲದಿದ್ದರೆ ಮನೆಮನೆ ತಿರುಗಬೇಕು.

ಇದೆಲ್ಲ ನಮ್ಮಿಂದಾಗದ ಕೆಲಸ ಎನ್ನುವವರಿಗೆ ವಿಜಯಪುರದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ತೋರಿಸುತ್ತೇನೆ. ಈ ಜಿಲ್ಲೆಯ ರೇಷ್ಮೆ ರೈತನನ್ನು ಕೇಳಿ, ‘ಈ ಸಲ ನೂರು ಮೊಟ್ಟೆ ಮೇಯಿಸಿದೆ’ ಎನ್ನುತ್ತಾನೆ. ಹುಳುವಿನ ಮೊಟ್ಟೆ ತಯಾರಿಸಿ ಮಾರಲು 1959ರ ಕಾಯಿದೆಯಿಂದಲೇ ಲೈಸೆನ್ಸು ಬೇಕು. ಚಾಕಿಯಾದ ಮೊಟ್ಟೆ ಎಷ್ಟೆಂದು ರೇಷ್ಮೆ ಇಲಾಖೆ ಬರೆದಿಡುತ್ತದೆ. ಮುಂದೆ ಬರುವ ಗೂಡಿನ ಅಂದಾಜು ಅದರಿಂದಲೇ. ಎಳ್ಳುಕಾಳಿಗಿಂತ ಸಣ್ಣ ಮೊಟ್ಟೆಯನ್ನು ಎಣಿಸುವ ಜಿಲ್ಲೆ ಇದು. ಕೋಳಿಮೊಟ್ಟೆಗೆ ಬೇಕಾದದ್ದು ಮೂರು ಅಂಕಣ: ವಾರದಲ್ಲಿ ಕಾವಿಗಿಟ್ಟದ್ದು, ಎದ್ದ ಮರಿ, ಅವು ಹೋದ ತಾಲ್ಲೂಕು. ಯಾವ ಕಂಪನಿಯದು ಎಷ್ಟು ಎಂಬ ಗುಟ್ಟು ಯಾರಿಗೂ ಬೇಡ; ಒಟ್ಟು ಮೊತ್ತ ಸಾಕು. ಪ್ರತಿ ವಾರ ಪಶುಪಾಲನಾ ಇಲಾಖೆ ಅದನ್ನು ತಾಲ್ಲೂಕು ಕಚೇರಿಯ ಹಲಗೆಯ ಮೇಲೆ ಹಾಕಿದರೆ, ಮರಿ ತರಲು ಹೊರಟವನು ನಿಂತು ಓದಿಕೊಂಡು ಹೋಗುತ್ತಾನೆ.