ನಮ್ಮ ಕಾಡಿನ ರಹಸ್ಯ ಕಥೆಗಳು



ರಹಸ್ಯ ಸಾಹಸಗಳ ಕಾದಂಬರಿಯೆಂದೊಡನೆ ಓದುಗರಲ್ಲಿ ಅನೇಕರಿಗೆ ಕಾನನ್ ಡಾಯ್ಲರು ಬರೆದ ಬಾಸ್ಕರ್‌ವಿಲ್ ಮನೆತನದ ಬೇಟೆನಾಯಿಯ ಕಥೆ ನೆನಪಾಗುವುದು. 1902ರಲ್ಲಿ ಗ್ರಂಥರೂಪ ತಳೆದ ಆ ಕೃತಿಯಲ್ಲಿ, ಪಿಶಾಚಿಯೆಂದು ಜನರು ನಡುಗಿದ ಮೃಗದ ಹಿಂದೆ ಮನುಷ್ಯನೊಬ್ಬನ ದುರಾಶೆ ಅಡಗಿರುತ್ತದೆ. ಅಂತಹುದೇ ರಹಸ್ಯವೊಂದು ನಮ್ಮ ಜವಳಗಿರಿಯ ಕಾಡಿನಲ್ಲಿಯೂ ಉಂಟು. ಬೆಂಗಳೂರಿನಲ್ಲಿ ನೆಲೆಸಿದ್ದ ಬೇಟೆಗಾರ ಕೆನೆತ್ ಆಂಡರ್ಸನ್ನರು (1910–1974) ನರಭಕ್ಷಕ ಮೃಗಗಳನ್ನು ಕುರಿತು 1954ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಜವಳಗಿರಿಯ ಹೆಣ್ಣುಹುಲಿಯ ಕಥೆಯೂ ಗುಮ್ಮಳಾಪುರದ ಚಿರತೆಯ ಕಥೆಯೂ ಇವೆ. ಇದು ಕಾದಂಬರಿಯಲ್ಲ, ಆದರೆ ಕಾದಂಬರಿಯ ಕುತೂಹಲಕ್ಕೆ ಇಲ್ಲಿ ಕೊರತೆಯಿಲ್ಲ. ಈ ಪುಸ್ತಕದ ವಿಷಯದಲ್ಲಿ ನಮಗಿರುವ ಮೆಚ್ಚುಗೆಯನ್ನೂ ಅತೃಪ್ತಿಯನ್ನೂ ಅರಿಕೆಮಾಡಿಕೊಳ್ಳುತ್ತೇವೆ.

ಮೊದಲು ಮೆಚ್ಚುಗೆ. ಪತ್ತೇದಾರನು ಬೆರಳಚ್ಚನ್ನು ಓದುವಂತೆ ಆಂಡರ್ಸನ್ನರು ಹೆಜ್ಜೆಗುರುತನ್ನು ಓದುತ್ತಾರೆ. ಜಿಂಕೆಯ ಎಚ್ಚರಿಕೆಯ ಕೂಗಿನಿಂದ ಹುಲಿಯ ಜಾಡನ್ನು ಊಹಿಸುತ್ತಾರೆ. ಗುಮ್ಮಳಾಪುರದ ಕಥೆಯಲ್ಲಿ ಕತ್ತಲಾಗುವ ಮೊದಲೇ ಮನೆಗಳ ಬಾಗಿಲು ಮುಚ್ಚುವಾಗ ನಮ್ಮ ಎದೆಯೂ ನಡುಗುವುದು. ಜವಳಗಿರಿಯ ಕಥೆಯಾದರೋ ಇನ್ನೂ ಆಳವಾದುದು. ಬೇಟೆಗಾರನ ಗುಂಡಿಗೆ ಸಂಗಾತಿಯನ್ನು ಕಳೆದುಕೊಂಡು, ಬಳಿಕ ತಾನೂ ಗಾಯಗೊಂಡ ಹುಲಿಯೇ ನರಭಕ್ಷಕಿಯಾಯಿತು. ಕಡೆಗೆ ಗಂಡುಹುಲಿಯ ಕೂಗನ್ನು ಅನುಕರಿಸಿ ಅದನ್ನು ಕರೆದು ಕೊಲ್ಲಲಾಯಿತು. ಇಲ್ಲಿ ಮೂಲ ಅಪರಾಧಿ ಯಾರೆಂಬ ಪ್ರಶ್ನೆ ಪುಸ್ತಕ ಮುಚ್ಚಿದ ಮೇಲೂ ನಮ್ಮನ್ನು ಕಾಡುತ್ತದೆ.

ಇನ್ನು ಅತೃಪ್ತಿ. ಬೈರನೆಂಬ ಕಾಡಿನ ಗೆಳೆಯನಿಗೆ ಲೇಖಕರು ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟಿರುವುದು ನಿಜ. ಆದರೆ ಉಳಿದ ಹಳ್ಳಿಗರು ಬಹುಮಟ್ಟಿಗೆ ಭಯದಿಂದ ನಡುಗುವವರು, ಇಲ್ಲವೆ ಸಾಹೇಬರಿಗೆ ಸುದ್ದಿ ತರುವವರು. ಹುಲಿಯ ದುಃಖಕ್ಕೆ ದೊರೆತಷ್ಟು ಸ್ಥಳ, ಹುಲಿಗೆ ಆಹುತಿಯಾದವನ ಹೆಂಡತಿ ಮಕ್ಕಳ ದುಃಖಕ್ಕೆ ದೊರೆತಿಲ್ಲ. ಸೌದೆಗೂ ದನಗಳ ಮೇವಿಗೂ ಮರುದಿನ ಅದೇ ಕಾಡಿಗೆ ಹೋಗಲೇಬೇಕಾದವರ ಧೈರ್ಯವೂ ಸಾಹಸವೇ ಅಲ್ಲವೆ?

ಪೂರ್ಣಚಂದ್ರ ತೇಜಸ್ವಿಯವರು ಆಂಡರ್ಸನ್ನರ ಬರಹಗಳನ್ನು ‘ಕಾಡಿನ ಕಥೆಗಳು’ ಮಾಲೆಯಲ್ಲಿ ಕನ್ನಡಕ್ಕೆ ತಂದು ಉಪಕಾರ ಮಾಡಿದ್ದಾರೆ. ನಮ್ಮ ಮಕ್ಕಳು ಅವುಗಳನ್ನು ಅವಶ್ಯವಾಗಿ ಓದಲಿ. ಹೊಸೂರು ಸೀಮೆಯ ಕಾಡುಗಳ ಒಂದು ಭಾಗ 2014ರಲ್ಲಿ ಕಾವೇರಿ ಉತ್ತರ ವನ್ಯಜೀವಿಧಾಮವಾಯಿತು. ಬೇಟೆಯ ಕಾಲ ಮುಗಿಯಿತು. ಆದರೆ ಆ ಕಾಲದ ಹಳ್ಳಿಗರ ಮಾತು ಇನ್ನೂ ಪುಸ್ತಕವಾಗಬೇಕಾಗಿದೆ. ತಳಿ, ಜವಳಗಿರಿ, ದೆಂಕಣಿಕೋಟೆಗಳ ಮನೆಗಳಲ್ಲಿ ಅಜ್ಜ ಅಜ್ಜಿಯರು ಹೇಳುವುದನ್ನು ಕೇಳಿ, ಅವರಾಡಿದ ಕನ್ನಡದಲ್ಲಿಯೇ ಬರೆದಿಡಿರೆಂದು ತರುಣರನ್ನು ಬೇಡಿಕೊಂಡು, ನಮ್ಮ ನಾಲ್ಕು ಮಾತುಗಳನ್ನು ಮುಗಿಸುತ್ತೇವೆ.