ಎದುರು ನಿಂತು ವಾದಿಸುವ ಮಕ್ಕಳು
(ಅಲ್ಫರೆಟಾದಲ್ಲಿ ನಡೆದ ವಾರ್ಷಿಕೋತ್ಸವ ಸಮಾರಂಭದ ಭಾಷಣ)



ಡಾಕ್ಟರ ಕೈಗೆ ಮೈಕು ಕೊಟ್ಟರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಎಂದು ಹೆದರಿಸುತ್ತಾನೆಂಬ ಅಂಜಿಕೆ ನಿಮಗಿರಬಹುದು. ಊಟಕ್ಕೆ ಹೋಳಿಗೆ ಇರುವ ದಿನ ಆ ಮಾತು ಬೇಡ. ನನ್ನ ಮಗಳು ನನಗೆ ಕಲಿಸಿದ ಒಂದು ಪಾಠವನ್ನು ಹೇಳುತ್ತೇನೆ.

ಅವಳು ಹೈಸ್ಕೂಲಿನ ಅಣಕು ನ್ಯಾಯಾಲಯ ತಂಡದಲ್ಲಿದ್ದಾಳೆ. ಜಾರ್ಜಿಯಾ ರಾಜ್ಯದಲ್ಲಿ ಈ ಸ್ಪರ್ಧೆ 1988ರಲ್ಲಿ ಆರಂಭವಾಯಿತು. ಒಂದು ಕಲ್ಪಿತ ಮೊಕದ್ದಮೆ. ಮಕ್ಕಳೇ ವಕೀಲರು, ಮಕ್ಕಳೇ ಸಾಕ್ಷಿಗಳು. ಪ್ರತಿಯೊಂದು ತಂಡವೂ ಎರಡೂ ಪಕ್ಷದ ವಾದಕ್ಕೆ ಸಿದ್ಧವಾಗಬೇಕು.

"ನಿನ್ನೆ ಆರೋಪಿ ತಪ್ಪಿತಸ್ಥ ಅಂದೆ, ಇವತ್ತು ನಿರಪರಾಧಿ ಅಂತೀಯಲ್ಲೇ?" ಎಂದು ಕೇಳಿದೆ.

"ಅಪ್ಪಾ, ಅವನ ಪರವಾಗಿ ಮಾತಾಡೋರೂ ಒಬ್ಬರು ಬೇಕಲ್ವಾ?" ಎಂದಳು.

ಅಮೆರಿಕದ ಸಂವಿಧಾನದ ಆರನೆಯ ತಿದ್ದುಪಡಿ, ಭಾರತ ಸಂವಿಧಾನದ 22ನೆಯ ವಿಧಿ, ಎರಡರಲ್ಲೂ ಇರುವುದು ಇದೇ ಕಾಳಜಿ.

ನಮ್ಮವರಿಗೂ ಇದು ಹೊಸದಲ್ಲ. ಕಾಸರಗೋಡಿನ ಎಡನೀರು ಮಠದ ಶ್ರೀ ಕೇಶವಾನಂದ ಭಾರತಿ ಸ್ವಾಮಿಗಳು 1970ರಲ್ಲಿ ಕೇರಳದ ಭೂಸುಧಾರಣಾ ಕಾಯಿದೆಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. 13 ನ್ಯಾಯಮೂರ್ತಿಗಳು 68 ದಿನ ವಾದ ಕೇಳಿದರು. ಪಾರ್ಲಿಮೆಂಟು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂದು 1973ರ ಏಪ್ರಿಲ್ 24ರಂದು 7-6ರ ಬಹುಮತದಿಂದ ತೀರ್ಪಿತ್ತರು. ಸ್ವಾಮಿಗಳು ಹೊರಟಿದ್ದು ಮಠದ ಜಮೀನಿಗಾಗಿ. ದೇಶಕ್ಕೆ ದೊರೆತದ್ದು ಒಂದು ಭದ್ರವಾದ ಕಾವಲು. ಆ ಆರು ಮಂದಿಯ ಭಿನ್ನಮತವೂ ತೀರ್ಪಿನ ಪುಟಗಳಲ್ಲಿ ಗೌರವದಿಂದ ಅಚ್ಚಾಗಿದೆ.

ಈಗ ನನ್ನ ತಪ್ಪೊಪ್ಪಿಗೆ. ರೆಸಿಡೆನ್ಸಿಯ ಒಂದು ರಾತ್ರಿ, ಹಿರಿಯ ವೈದ್ಯರು ಬರೆದ ಔಷಧಿಯ ಪ್ರಮಾಣ ಹೆಚ್ಚಾಯಿತೆಂದು ನನಗನ್ನಿಸಿತು. 'ದೊಡ್ಡವರಿಗೆ ಎದುರಾಡಬೇಡ' ಎಂಬ ಮಾತು ಕೇಳಿ ಬೆಳೆದವನು ನಾನು. ಬಾಯಿ ಬರಲಿಲ್ಲ. ನರ್ಸಮ್ಮ ಕೇಳಿದರು, ಪ್ರಮಾಣ ತಿದ್ದಿದರು, ರೋಗಿ ಕ್ಷೇಮವಾಗಿ ಮನೆಗೆ ಹೋದರು. ನನ್ನ ಆ ಮೌನ ಮಾತ್ರ ಇಂದಿಗೂ ಚುಚ್ಚುತ್ತದೆ.

ಮಗಳು ಎದ್ದು ನಿಂತು, ನ್ಯಾಯಾಧೀಶರಿಗೆ ತಲೆಬಾಗಿ, "ನನ್ನ ಆಕ್ಷೇಪಣೆ ಇದೆ" ಎಂದಾಗ ನನಗೆ ತಿಳಿಯಿತು: ಎದುರಾಡುವುದು ಬೇರೆ, ಎದುರು ನಿಂತು ವಿನಯದಿಂದ ವಾದಿಸುವುದು ಬೇರೆ. ನಾವು ಎರಡನ್ನೂ ಒಂದೇ ಎಂದುಕೊಂಡು ಮಕ್ಕಳ ಬಾಯಿ ಮುಚ್ಚಿಸುತ್ತೇವೆ.

ಬಂಧುಗಳೇ, ಭರತನಾಟ್ಯಕ್ಕೆ, ಗಣಿತದ ತರಗತಿಗೆ ಕಾರು ಓಡಿಸುವ ನಾವು ಈ ಸ್ಪರ್ಧೆಗೂ ಒಂದು ಶನಿವಾರ ಕೊಡೋಣ. ಮನೆಯಲ್ಲಿ ಮಗು "ಯಾಕೆ?" ಎಂದಾಗ ಕಾರಣ ಹೇಳೋಣ. ಕಾರಣ ಹೇಳಲಾಗದಿದ್ದರೆ ಆ ಮೊಕದ್ದಮೆಯಲ್ಲಿ ಸೋತೆವೆಂದು ಒಪ್ಪಿಕೊಳ್ಳೋಣ. ನಾನಂತೂ ಈಗಾಗಲೇ ಹಲವು ಸಲ ಸೋತಿದ್ದೇನೆ!