ಆಲೆಮನೆ ಒಲೆಗೆ ನಮ್ಮ ರಚ್ಚೇ ಸಾಕು

(ಸಂಘದ ರಜತ ಮಹೋತ್ಸವದ ರೈತ ಗೋಷ್ಠಿಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಬೆಳಗ್ಗೆಯಿಂದ ಸಾಲ, ಠೇವಣಿ, ಲಾಭಾಂಶದ ವಿಚಾರ ಕೇಳಿದ್ದೀರಿ. ನಮಗೆ ಕೊಟ್ಟಿರುವ ವಿಷಯ ಪರಿಸರ. ಎಸ್.ಎಸ್.ಎಲ್.ಸಿ. ಮುಗಿಸಿ ಗದ್ದೆಗೆ ಇಳಿದವರು ನಾವು. ಓಜೋನ್ ಪದರದ ಬಗ್ಗೆ ಮಾತಾಡೋಕೆ ನಮಗಿಂತ ತಿಳಿದವರು ಬೇಕಾದಷ್ಟು ಜನ ಇದ್ದಾರೆ. ನಮಗೆ ಗೊತ್ತಿರುವುದು ಕಬ್ಬು, ಬೆಲ್ಲ, ಆಲೆಮನೆ. ಆದ್ದರಿಂದ ಆಲೆಮನೆಯ ಒಲೆಯ ವಿಚಾರವನ್ನಷ್ಟೇ ತಮ್ಮ ಮುಂದೆ ಇಡುತ್ತೇವೆ.

ಕನ್ನಂಬಾಡಿ ಕಟ್ಟೆಯ ನೀರು ನಾಲೆಯಲ್ಲಿ ಹರಿದು ಬಂದ ಮೇಲೆ ಮಂಡ್ಯ ಸೀಮೆ ಕಬ್ಬಿನ ಸೀಮೆಯಾಯಿತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆಯೂ ಬಂತು. ಆದರೂ ಆಲೆಮನೆ ಹೋಗಲಿಲ್ಲ. ಕಟಾವಿಗೆ ಸರದಿ ಬಾರದವನಿಗೆ, ಮಗಳ ಮದುವೆಗೆ ವಾರದೊಳಗೆ ಕಾಸು ಬೇಕಾದವನಿಗೆ ಇವತ್ತಿಗೂ ಆಲೆಮನೆಯೇ ಗತಿ. ಆಲೆಮನೆ ಮುಚ್ಚಿಸಿ ಅಂತ ಹೇಳೋರು ಈ ಮಾತನ್ನು ಮರೆಯಬಾರದು. ನಾವು ಮುಚ್ಚಿಸಿ ಅಂತ ಹೇಳೋಕೆ ಬಂದವರಲ್ಲ.

ಆದರೆ ಕೆಲವು ಆಲೆಮನೆಗಳ ಹೊಗೆ ಕೊಳವೆ ನೋಡಿ. ಒಣಗಿದ ರಚ್ಚು ಚೆನ್ನಾಗಿ ಉರಿದರೆ ಹೊಗೆ ತೆಳ್ಳಗೆ, ಬೂದಿ ಬಣ್ಣಕ್ಕೆ ಇರುತ್ತೆ. ಅದೇ ಹಳೇ ಟೈರ್ ಬಿದ್ದರೆ ಕಾಡಿಗೆಯಂಥ ಕಪ್ಪು ಹೊಗೆ. ಟೈರಿನಲ್ಲಿ ರಬ್ಬರ್ ಜೊತೆಗೆ ಗಂಧಕ, ಎಣ್ಣೆ, ಇಂಗಾಲದ ಪುಡಿ, ಸತು, ಉಕ್ಕಿನ ತಂತಿ ಎಲ್ಲಾ ಇರುತ್ತೆ. ಗಂಧಕ ಉರಿದು ಗಂಟಲು ಕೆರೆಯುವ ಅನಿಲವಾಗುತ್ತೆ. ಕಪ್ಪು ಮಸಿ ಒಗೆದು ಹಾಕಿದ ಬಟ್ಟೆ ಮೇಲೆ, ಬತ್ತದ ಪೈರಿನ ಮೇಲೆ ಕೂರುತ್ತೆ. ಅಷ್ಟೇ ಅಲ್ಲ, ಕೊಪ್ಪರಿಗೆಗೆ ಮುಚ್ಚಳ ಇಲ್ಲವಲ್ಲ, ಅದರೊಳಗೂ ಬೀಳುತ್ತೆ. ಟೈರ್ ಸಿಗದಿದ್ದರೆ ಹರಿದ ಚಪ್ಪಲಿ, ಪ್ಲಾಸ್ಟಿಕ್ ಚೂರು. ಪಿ.ವಿ.ಸಿ.ಯಂಥ ಪ್ಲಾಸ್ಟಿಕ್ ಉರಿದರೆ ಡಯಾಕ್ಸಿನ್ ಎಂಬ ಘೋರ ವಿಷ ಹುಟ್ಟುತ್ತೆ. ಅದು ಗಾಳಿಯಲ್ಲಿ ಕರಗಿ ಹೋಗುವ ಜಾತಿಯದ್ದಲ್ಲ, ಮಣ್ಣಿಗೆ ಸೇರಿ, ಹುಲ್ಲಿಗೆ ಸೇರಿ, ಹಾಲಿಗೂ ಬರುತ್ತೆ.

ಒಲೆ ಉರಿಸುವವನ ಪಾಡು ಕೇಳೋರೇ ಇಲ್ಲ. ಈಗ ನಮ್ಮ ಕಡೆ ಎಷ್ಟೋ ಆಲೆಮನೆಗಳಲ್ಲಿ ಕೆಲಸ ಮಾಡುವವರು ಉತ್ತರ ಪ್ರದೇಶ, ಬಿಹಾರದ ಕಡೆಯ ಹುಡುಗರು. ಹಗಲೆಲ್ಲಾ ಒಲೆ ಬಾಯಿಯ ಮುಂದೆ, ರಾತ್ರಿ ಅಲ್ಲೇ ಮಗ್ಗುಲಲ್ಲಿ ಚಾಪೆ. ನಮಗೆ ಗಾಳಿ ತಿರುಗಿದಾಗ ಬರುವ ಹೊಗೆ ಅವರಿಗೆ ಮೂರು ಹೊತ್ತಿನ ಊಟ ಇದ್ದ ಹಾಗೆ. ಅವರು ಊರಿನ ಸಭೆಗೆ ಬಂದು ದೂರು ಹೇಳೋರಲ್ಲ, ಅದಕ್ಕೇ ನಾವು ಹೇಳುತ್ತಿದ್ದೇವೆ.

ಇನ್ನು ಬೂದಿ. ರಚ್ಚಿನ ಬೂದಿಯನ್ನು ತಿಪ್ಪೆಗೆ, ಗದ್ದೆಗೆ ಹಾಕುತ್ತೇವೆ, ಅದು ಪೊಟ್ಯಾಷ್ ಇರುವ ಗೊಬ್ಬರ. ಟೈರಿನ ಬೂದಿಯನ್ನು ಯಾವ ಗದ್ದೆಗೆ ಹಾಕುತ್ತೀರಿ? ತಂತಿ ಎತ್ತಿನ ಗೊರಸಿಗೆ ಚುಚ್ಚುತ್ತೆ.

ಟೈರ್ ಹಾಕುವವರೆಲ್ಲಾ ಕೆಟ್ಟವರು ಅಂತ ನಾವು ಹೇಳಲಾರೆವು. ಕಬ್ಬು ಬಂದು ಬಿದ್ದಿರುತ್ತೆ, ಕಡಿದ ಕಬ್ಬು ಕಾಯೋದಿಲ್ಲ. ಗಾಣದಿಂದ ಬಂದ ರಚ್ಚು ಇನ್ನೂ ಹಸಿ. ಲಾರಿಯವನು ಬಾಗಿಲಿಗೇ ಟೈರ್ ತಂದು ಸುರಿದು ಹೋಗುತ್ತಾನೆ. ಆಳುಗಳ ಕೂಲಿ ನಿಲ್ಲೋದಿಲ್ಲ. ಆಗ ಯಾರಿಗಾದರೂ ಕೈ ಹೋಗುತ್ತೆ. ಹಾಗಾದರೆ ನಮ್ಮ ರಚ್ಚು ನಿಜವಾಗಿಯೂ ಸಾಲದೇ? ಇದೇ ನಾವು ಕೇಳಬೇಕಾದ ಪ್ರಶ್ನೆ.

ದಯವಿಟ್ಟು ಈ ಲೆಕ್ಕ ಸ್ವಲ್ಪ ಗಮನವಿಟ್ಟು ಕೇಳಿ. ಒಂದು ಟನ್ ಕಬ್ಬು ಅರೆದರೆ ಸುಮಾರು 600 ಕಿಲೋ ಹಾಲು, ಅದರಿಂದ ಸುಮಾರು ಒಂದು ಕ್ವಿಂಟಾಲ್ ಬೆಲ್ಲ. ಅಂದರೆ ಉಳಿದ 500 ಕಿಲೋ ನೀರನ್ನು ಕಾಯಿಸಿ ಹಾರಿಸಬೇಕು. ಆಲೆಮನೆ ಅಂದರೆ ಬೇರೇನಲ್ಲ, ನೀರು ಹಾರಿಸುವ ಕೆಲಸ. ಇತ್ತ ಹಸಿ ರಚ್ಚು ಮೂರೂವರೆ ನಾಲ್ಕು ಕ್ವಿಂಟಾಲ್ ಸಿಗುತ್ತೆ, ಆದರೆ ಅದರಲ್ಲಿ ಅರ್ಧ ಭಾಗ ನೀರೇ. ಹಸಿಯದನ್ನೇ ತುರುಕಿದರೆ ಕೊಪ್ಪರಿಗೆಯ ನೀರಿನ ಜೊತೆಗೆ ಒಲೆಯೊಳಗಿನ ನೀರನ್ನೂ ಕಾಯಿಸಿದ ಹಾಗಾಯಿತು. ಉರಿ ಏಳೋದಿಲ್ಲ, ಹೊಗೆ ಏಳುತ್ತೆ, ಆಗ ಟೈರ್ ನೆನಪಾಗುತ್ತೆ. ಎರಡು ಮೂರು ಒಳ್ಳೆ ಬಿಸಿಲಲ್ಲಿ ಹರಡಿ ಒಣಗಿಸಿದರೆ ಸುಮಾರು ಎರಡು ಕ್ವಿಂಟಾಲ್ ಒಣ ರಚ್ಚು ಉಳಿಯುತ್ತೆ. ಒಂದು ಕಿಲೋ ಬೆಲ್ಲಕ್ಕೆ ಎರಡು ಕಿಲೋ ರಚ್ಚು ಅಂತಿಟ್ಟುಕೊಳ್ಳಿ. ಅಷ್ಟರೊಳಗೆ ಕೆಲಸ ಮುಗಿಯಬೇಕು.

ಒಂದೇ ಕೊಪ್ಪರಿಗೆಯ ಹಳೇ ಒಲೆಯಲ್ಲಿ ಅಷ್ಟರೊಳಗೆ ಮುಗಿಯೋದಿಲ್ಲ. ಅರ್ಧ ಬಿಸಿ ಹೊಗೆ ಕೊಳವೆಯಲ್ಲಿ ಆಕಾಶಕ್ಕೆ ಹೋಗುತ್ತೆ. ಆ ಬಿಸಿ ಹೋಗುವ ದಾರಿಯಲ್ಲೇ ಇನ್ನೊಂದು ಕೊಪ್ಪರಿಗೆ ಕೂರಿಸಿದರೆ, ಮೊದಲನೆಯದರಲ್ಲಿ ಪಾಕ ಹದಕ್ಕೆ ಬರುವಷ್ಟರಲ್ಲಿ ಎರಡನೆಯದರ ಹಾಲು ಪುಕ್ಕಟೆ ಕಾದಿರುತ್ತೆ. ಒಲೆಯ ತಳಕ್ಕೆ ಕಬ್ಬಿಣದ ಸರಳು ಹಾಸಿ ಕೆಳಗಿನಿಂದ ಗಾಳಿ ಬರುವಂತೆ ಮಾಡಬೇಕು. ಹೊಗೆ ಕೊಳವೆಗೆ ತಕ್ಕ ಎತ್ತರ ಬೇಕು, ಗಾಳಿ ಹಿಡಿತಕ್ಕೆ ಒಂದು ತಗಡಿನ ತಡೆ ಬೇಕು. ಹಾಲನ್ನು ಸೋಸಿ, ತಿಳಿ ನಿಲ್ಲಿಸಿ ಆಮೇಲೆ ಕಾಯಿಸಿದರೆ ಮಡ್ಡಿ ತೆಗೆಯುವ ಹೊತ್ತೂ ಉಳಿಯುತ್ತೆ. ಇದೆಲ್ಲಾ ನಾವು ಕನಸು ಕಂಡು ಹೇಳುವುದಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಬೆಲ್ಲದ ಮೇಲೆ ಬಹಳ ಕಾಲದಿಂದ ಸಂಶೋಧನೆ ನಡೆದಿದೆ. ಹೋಗಿ ಕೇಳಿದರೆ ಹೇಳಿಕೊಡುತ್ತಾರೆ, ಕೇಳಬೇಕು ಅಷ್ಟೆ.

ಕಬ್ಬಿನ ತರಗನ್ನೂ ಒಲೆಗೆ ಹಾಕೋಣ ಅಂತ ಒಬ್ಬರು ಹೇಳಿದರು. ಬೇಡಿ. ತರಗು ಕೂಳೆ ಸಾಲಿನ ನಡುವೆ ಇರಲಿ, ಅದು ಮಣ್ಣಿನ ಊಟ. ಗದ್ದೆಯಲ್ಲೇ ಬೆಂಕಿ ಹಾಕುವುದಂತೂ ಇನ್ನೂ ಬೇಡ.

ಮಳೆಗಾಲದಲ್ಲಿ ಏನು ಮಾಡೋದು ಅಣ್ಣ ಅಂತ ಕೇಳೋರಿದ್ದಾರೆ. ನ್ಯಾಯವಾದ ಪ್ರಶ್ನೆ. ಸಾಕಷ್ಟು ಕಡೆ ಟೈರ್ ಶುರುವಾಗುವುದೇ ಸೋನೆ ಹಿಡಿದಾಗ. ಅದಕ್ಕೆ ಇರುವ ದಾರಿ ಒಂದೇ, ಬೇಸಿಗೆಯಲ್ಲಿ ಉಳಿಸಿದ ರಚ್ಚಿಗೆ ಒಂದು ಸೂರು. ಬೆಲ್ಲಕ್ಕೆ ಗೋಡೌನ್ ಕಟ್ಟುತ್ತೇವೆ, ರಚ್ಚನ್ನು ಮಾತ್ರ ಮಳೆಯಲ್ಲಿ ನೆನೆಯಲು ಬಿಡುತ್ತೇವೆ. ಉರುವಲೂ ಬಂಡವಾಳವೇ ಅಲ್ಲವೇ?

ಬಣ್ಣದ ವಿಚಾರ ಹೇಳದೆ ಇದ್ದರೆ ಮಾತು ಅರ್ಧ. ಹೈಡ್ರೋಸ್ ಹಾಕಿದ ಬೆಲ್ಲ ಹಳದಿಯಾಗಿ ಹೊಳೆಯುತ್ತೆ, ವ್ಯಾಪಾರಿ ಅದಕ್ಕೇ ಎರಡು ಕಾಸು ಹೆಚ್ಚು ಕೊಡುತ್ತಾನೆ. ದಾಸ್ತಾನಿನಲ್ಲಿ ಕೆಲವು ವಾರ ಇಟ್ಟರೆ ಬಣ್ಣ ಮತ್ತೆ ಕಪ್ಪಾಗುತ್ತೆ, ಗಂಧಕದ ಅಂಶ ಮಾತ್ರ ಒಳಗೇ ಉಳಿಯುತ್ತೆ. ನಮ್ಮ ಹಿರಿಯರು ಬೆಂಡೆ ಗಿಡದ ಲೋಳೆ, ಹದವಾಗಿ ಸುಣ್ಣದ ತಿಳಿ ಹಾಕಿ ಮಡ್ಡಿ ತೆಗೆಯುತ್ತಿದ್ದರು. ಬೆಲ್ಲ ಕಂದು ಬಣ್ಣಕ್ಕೆ ಬರುತ್ತಿತ್ತು. ಈಗ ಅದೇ ಕಂದು ಬೆಲ್ಲವನ್ನು ಬೆಂಗಳೂರಿನವರು ಸಾವಯವ ಅಂತ ಹುಡುಕಿಕೊಂಡು ಕೊಳ್ಳುತ್ತಾರೆ. ಆದರೆ ಒಲೆಯಲ್ಲಿ ಟೈರ್ ಇಟ್ಟುಕೊಂಡು ಬೆಲ್ಲಕ್ಕೆ ಸಾವಯವ ಚೀಟಿ ಅಂಟಿಸುವುದು ಆಗದ ಮಾತು.

ದುಡ್ಡು ಎಲ್ಲಿಂದ? 2020ರಲ್ಲಿ ಕೇಂದ್ರ ಸರ್ಕಾರ ಕಿರು ಆಹಾರ ಉದ್ದಿಮೆಗಳ ಯೋಜನೆ ತಂದಾಗ ‘ಒಂದು ಜಿಲ್ಲೆ ಒಂದು ಉತ್ಪನ್ನ’ದಡಿ ಮಂಡ್ಯಕ್ಕೆ ಆರಿಸಿದ್ದು ಬೆಲ್ಲವನ್ನೇ. ಶೇ. 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ ಇಟ್ಟಿದ್ದರು. ಆದರೆ ಅದು ಬ್ಯಾಂಕ್ ಸಾಲಕ್ಕೆ ಜೋಡಿಸಿದ್ದು, ಅರ್ಜಿ, ಯೋಜನಾ ವರದಿ, ಓಡಾಟ. ಒಂದು ಕೊಪ್ಪರಿಗೆಯ ಸಣ್ಣ ಆಲೆಮನೆಯವನು ಅಷ್ಟು ದೂರ ಓಡಲಾರ. ಅವನ ಹತ್ತಿರಕ್ಕೆ ಹೋಗಬಲ್ಲದ್ದು ಈ ಸಂಘ ಒಂದೇ.

ಆದ್ದರಿಂದ ಮುಂದಿನ ಸರ್ವಸದಸ್ಯರ ಸಭೆಗೆ ನಾವು ಒಂದು ವಿಷಯ ತರುತ್ತಿದ್ದೇವೆ. ಆಲೆಮನೆ ಇರುವ ಸದಸ್ಯರಿಗೆ ಎರಡನೇ ಕೊಪ್ಪರಿಗೆ, ಒಲೆ ದುರಸ್ತಿ, ರಚ್ಚಿನ ಸೂರು ಈ ಮೂರಕ್ಕೆ ಸಂಘದಿಂದ ಮಧ್ಯಮಾವಧಿ ಸಾಲ ಕೊಡಬೇಕು. ಸಾಲದ ಪತ್ರದಲ್ಲೇ ಟೈರ್, ಪ್ಲಾಸ್ಟಿಕ್ ಉರಿಸುವಂತಿಲ್ಲ ಅಂತ ಷರತ್ತು ಇರಬೇಕು. ಮುರಿದವರಿಗೆ ಮುಂದಿನ ಕಂತು ಇಲ್ಲ, ಅವರು ನಿರ್ದೇಶಕರ ನೆಂಟರಾದರೂ ಸರಿ. ಷರತ್ತು ಪಾಲಿಸಿದವರ ಬೆಲ್ಲವನ್ನು ಸಂಘವೇ ಬೇರೆ ತೂಕ ಹಾಕಿಸಿ, ಬೇರೆ ಕೊಳ್ಳುವವರನ್ನು ಹುಡುಕಿ ಮಾರಬೇಕು. ಈ ಕೊನೆಯದು ಆಗದಿದ್ದರೆ ಮೊದಲ ಎರಡೂ ನಿಲ್ಲುವುದಿಲ್ಲ, ಯಾಕೆಂದರೆ ಮಂಡಿಯಲ್ಲಿ ಕಂದು ಬೆಲ್ಲಕ್ಕೆ ಕಡಿಮೆ ಹೇಳಿದ ದಿನ ರೈತನ ಮನಸ್ಸು ತಿರುಗುತ್ತೆ.

ಇದಕ್ಕೆ ಎಷ್ಟು ಹಣ ಬೇಕು, ಬಡ್ಡಿ ಎಷ್ಟು ಅನ್ನುವುದನ್ನು ಕಾರ್ಯದರ್ಶಿಗಳ ಜೊತೆ ಕೂತು ಲೆಕ್ಕ ಹಾಕಿ ಸಭೆಗೆ ತರುತ್ತೇವೆ. ಆಲೆಮನೆ ಇರುವ ಸದಸ್ಯರು ಅದಕ್ಕೆ ಮೊದಲೇ ತಮ್ಮ ಒಲೆಯ ಅಳತೆ, ದಿನಕ್ಕೆ ಅರೆಯುವ ಕಬ್ಬಿನ ಟನ್ ಎಷ್ಟು ಅಂತ ಒಂದು ಚೀಟಿಯಲ್ಲಿ ಬರೆದು ಸಂಘದ ಕಚೇರಿಗೆ ಕೊಡಬೇಕಾಗಿ ಕೇಳಿಕೊಳ್ಳುತ್ತೇವೆ.